ಕಾಯಿಸಿದ ಪುಡಿ

“ಎಲ್ಲಿ ಹೋಗಿ ಕೂತಿದ್ದೀಯಾ ನೀನು?”

ಕೋಣೆಯಲ್ಲಿ ಅವಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಕೇಳಿದ್ದು ಪರದೆಯ ಮೇಲಿನ ಗೆರೆಯಲ್ಲಿ ಇರಬೇಕಾಗಿದ್ದ, ಈಗ ಇಲ್ಲದ ಒಂದು ಸಣ್ಣ ಉಬ್ಬನ್ನು. ಗೆರೆ ಎಡಗಡೆಯ ಎತ್ತರದಿಂದ ಹೊರಟು, ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ನುಣ್ಣಗೆ ಇಳಿದು, ಬಲಗಡೆ ಮತ್ತೆ ತುಸು ಏರಿ ಮುಗಿದಿತ್ತು. ನೇರಳೆಗೂ ನೀಲಿಗೂ ನಡುವೆ, ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ, ಏನೂ ಇರಲಿಲ್ಲ.

ಪುಡಿಗಳ ಮೇಲೆ ಬೆಳಕು ಬಿಟ್ಟು ನೋಡುವುದು ಅವಳ ಕೆಲಸ. ಒಂದೊಂದೇ ಬಣ್ಣದ ಬೆಳಕನ್ನು ಹಾಯಿಸಿ, ಯಾವ ಬಣ್ಣವನ್ನು ಪುಡಿ ನುಂಗಿಕೊಂಡಿತು, ಯಾವುದನ್ನು ಹಿಂದಕ್ಕೆ ಕೊಟ್ಟಿತು ಎಂದು ಗೆರೆ ಎಳೆದು ತೋರಿಸುವ ಯಂತ್ರ ಅವಳ ವಶದಲ್ಲಿತ್ತು. ಆ ಪುಡಿಗೆ ಜಿಯೊಲೈಟ್ ಎನ್ನುತ್ತಾರೆ. ಕಣ್ಣಿಗೆ ಹಿಟ್ಟು, ಒಳಗೆ ಮಾತ್ರ ಓಣಿ ಓಣಿಯಾಗಿ ಕೊರೆದ ಕಲ್ಲು. ಆ ಓಣಿಗಳಲ್ಲಿ ಅಲ್ಲಲ್ಲಿ ತಾಮ್ರದ ಪರಮಾಣುಗಳನ್ನು ಕೂರಿಸಿರುತ್ತಾರೆ. ಎರಡು ತಾಮ್ರ ಅಕ್ಕಪಕ್ಕ ಕೂತು, ನಡುವೆ ಒಂದು ಆಮ್ಲಜನಕವನ್ನು ಹಂಚಿಕೊಂಡು ಹಿಡಿದರೆ, ಸುಮ್ಮನೆ ಉರಿದು ಹೋಗುವ ಮೀಥೇನ್ ಅನಿಲವನ್ನು ಆ ಜೋಡಿ ಹಿಡಿದು ನಿಲ್ಲಿಸಿ ದ್ರವ ಇಂಧನದ ದಾರಿಗೆ ಹಚ್ಚಬಲ್ಲದು. ಜೋಡಿ ನಿಜವಾಗಿ ಕೂತಿದೆಯೋ ಇಲ್ಲವೋ ಎನ್ನುವುದು ಕಣ್ಣಿಗೆ ಕಾಣುವಂಥದ್ದಲ್ಲ. ಆ ಉಬ್ಬು ಇದ್ದರೆ ಕೂತಿದೆ ಎಂದು ಲೆಕ್ಕ.

ಉಬ್ಬು ಒಂದೇ ಒಂದು ಸಲ ಬಂದಿತ್ತು. ಆಮೇಲೆ ಎಷ್ಟು ಪುಡಿ ಮಾಡಿದರೂ, ಎಷ್ಟು ಬೆಳಕು ಸುರಿದರೂ, ಇಸ್ತ್ರಿ ಹಾಕಿದ ಬಟ್ಟೆಯೇ.

ಪುಡಿ ಮಾಡುವವರು ಅವಳ ಭಾವ, ಅಕ್ಕನ ಗಂಡ. ಈ ಪ್ರಯೋಗಾಲಯಕ್ಕೆ ಅವಳಿಗಿಂತ ಮೊದಲು ಬಂದು ಸೇರಿದ್ದವರು. ಬಂದ ಹೊಸದರಲ್ಲಿ ಅವಳು ಬಾಯಿತಪ್ಪಿ ಎಲ್ಲರ ಮುಂದೆ ಭಾವ ಎಂದು ಕರೆದದ್ದೇ ನೆಪವಾಗಿ, ಈಗ ಗೇಟಿನವನಿಂದ ಹಿಡಿದು ಮುಖ್ಯಸ್ಥರ ತನಕ ಎಲ್ಲರಿಗೂ ಅವರು ಭಾವನೇ. ಹೆಂಡತಿಗೆ ಇಷ್ಟೊಂದು ತಮ್ಮಂದಿರಿದ್ದಾರೆ ಅಂತ ಮದುವೆಗೆ ಮುಂಚೆ ಯಾರೂ ಹೇಳಿರಲಿಲ್ಲ ಎಂದು ಅವರು ಹೊಸಬರಿಗೆಲ್ಲ ದೂರು ಹೇಳುತ್ತಿದ್ದರು. ಮಾತಿನಲ್ಲಿ ಅವರದೇ ಒಂದು ವರಸೆ. ಪುಡಿಯನ್ನು ಪುಡಿ ಎನ್ನುತ್ತಿರಲಿಲ್ಲ, ಸಾಹೇಬರು ಎನ್ನುತ್ತಿದ್ದರು. ಸಾಹೇಬರಿಗೆ ಇವತ್ತು ನೆಗಡಿ ಅಂದರೆ ಪುಡಿ ತೇವ ಎಳೆದುಕೊಂಡಿದೆ ಎಂದರ್ಥ. ಸಾಹೇಬರು ಮುಖ ಊದಿಸಿಕೊಂಡಿದ್ದಾರೆ ಅಂದರೆ ಬಣ್ಣ ತಿರುಗಿಲ್ಲ. ಕೇಳುವವರಿಗೆ ನಗು ಬರುತ್ತಿತ್ತು, ಅವಳಿಗೆ ರೂಢಿಯಾಗಿಹೋಗಿತ್ತು.

ಬೇರೆಡೆಯವರೆಲ್ಲ ಪುಡಿಗೆ ಎರಡೆರಡು ಸಲ ಉರಿ ಕೊಟ್ಟು ಪಡೆಯುವ ತಾಮ್ರದ ಜೋಡಿಯನ್ನು ಭಾವ ಒಂದೇ ಉರಿಯಲ್ಲಿ ಪಡೆದಿದ್ದರು. ಒಂದೇ ಉರಿ ಸಾಕು ಎನ್ನುವುದೇ ಅವರ ಇಡೀ ಹೆಮ್ಮೆ. ಪ್ರಯೋಗಾಲಯದ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ಮೇಷ್ಟ್ರು, ಆ ಮೊದಲ ಉಬ್ಬಿನ ಚಿತ್ರವನ್ನು ಹೋದಲ್ಲೆಲ್ಲ ತೋರಿಸಿ ಬಂದಿದ್ದರು. ಈಗ ಹೊರಗಿನಿಂದ ತಜ್ಞರ ತಂಡವೊಂದು ಬರುವುದಿತ್ತು. ಅವರಿಗೆ ಉಬ್ಬನ್ನು ಎರಡನೆಯ ಸಲ ತೋರಿಸಿದರೆ ಭಾವನ ಒಲೆಕೋಣೆ ಉಳಿಯುತ್ತದೆ. ತೋರಿಸಲಾಗದಿದ್ದರೆ ಕೋಣೆ ಬೇರೆಯವರಿಗೆ, ಭಾವ ಉಗ್ರಾಣದ ಮೇಲ್ವಿಚಾರಣೆಗೆ. ಇದನ್ನು ಮೇಷ್ಟ್ರು ಬಹಳ ಮೆತ್ತಗೆ, ಭಾವನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರು. ಉಗ್ರಾಣವೂ ಗೌರವದ ಕೆಲಸವೇ ಎಂದೂ ಸೇರಿಸಿದ್ದರು. ಬದುಕಿನುದ್ದಕ್ಕೂ ಉರಿಯ ಮುಂದೆ ನಿಂತವರು ಗಾಜಿನ ಸೀಸೆ ಎಣಿಸುತ್ತ ಕೂರುವುದನ್ನು ನೆನೆಯಲೂ ಅವಳಿಂದ ಆಗುತ್ತಿರಲಿಲ್ಲ.

ಹಾಗಾಗಿ ಅವಳು ತನ್ನ ಯಂತ್ರವನ್ನೇ ಕಿತ್ತು ಹಾಕಿದ್ದಳು. ದೀಪ ಬದಲಾಯಿಸಿದಳು. ಇದಕ್ಕಿಂತ ಬೆಳ್ಳಗಿನದು ಇಲ್ಲ ಎಂದು ಯಂತ್ರಕ್ಕೆ ಮೊದಲು ತೋರಿಸುವ ಬಿಳಿ ಬಿಲ್ಲೆ ಹಳದಿಯಾಗಿದೆಯೇನೋ ಎಂದು ಹೊಸದನ್ನು ತರಿಸಿದಳು. ಪುಡಿ ತುಂಬುವ ಸ್ಫಟಿಕದ ಕೊಳವೆಯ ಕಿಟಕಿಯನ್ನು ಆಮ್ಲದಲ್ಲಿ ನೆನೆಸಿ ತೊಳೆದಳು. ಅನಿಲ ಬರುವ ನಳಿಕೆಯ ಒಂದೊಂದು ಗಂಟಿಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಮೊಣಕಾಲೂರಿ ನೋಡಿದಳು. ಒಂದು ಕಡೆ ಗುಳ್ಳೆ ಎದ್ದಾಗ ಸಿಕ್ಕಿತು ಕಳ್ಳ ಎಂದು ಹಿಗ್ಗಿ, ಬಿಗಿ ಮಾಡಿ, ಮತ್ತೆ ಅಳೆದರೆ ಅದೇ ಗೆರೆ. ಬೆಳಿಗ್ಗೆ ದೀಪ ಹಚ್ಚುವ ಮುನ್ನ ಕಣ್ಣು ಮುಚ್ಚಿ ಒಂದು ಸಾಲು ಪ್ರಾರ್ಥನೆ ಹೇಳಿಕೊಳ್ಳುವುದು ಅವಳ ಹಳೆಯ ಅಭ್ಯಾಸ. ಈಚೆಗೆ ಆ ಸಾಲು ಕೂಡ ಗಂಟಲಲ್ಲೇ ಗೊಣಗಾಟವಾಗಿ ನಿಂತುಬಿಡುತ್ತಿತ್ತು.

ಮೇಷ್ಟ್ರು ದಿನಕ್ಕೊಮ್ಮೆ ಬಂದು ಅವಳ ಕುರ್ಚಿಯ ಹಿಂದೆ ನಿಲ್ಲುತ್ತಿದ್ದರು. ಉಸಿರು ಕೇಳಿಸುವಷ್ಟು ಹತ್ತಿರ. ಒಂದು ದಿನ ಪರದೆಗೆ ಬಾಗಿ, ಇಲ್ಲಿ ಏನೋ ಇದ್ದ ಹಾಗೆ ಇದೆಯಲ್ಲ, ಸ್ವಲ್ಪ ಹಿಗ್ಗಿಸಿ ನೋಡಿದರೆ ಕಾಣುತ್ತೇನೋ ಎಂದರು.

“ಕಾಣುತ್ತೆ ಮೇಷ್ಟ್ರೇ,” ಅಂದಳು. “ಕನ್ನಡಕ ತೆಗೆದ್ರೆ ಇನ್ನೂ ಚೆನ್ನಾಗಿ ಕಾಣುತ್ತೆ.”

ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, ಪುಡಿ ಮಾಡುವವರು ಅವರೇ, ಪುಡಿ ಅದೇ, ಹಾಗಾದರೆ ಉಳಿದದ್ದು ಯಾವುದು ಎಂದು ನೆಲಕ್ಕೆ ಹೇಳುವವರ ಹಾಗೆ ಹೇಳಿ ಹೋದರು. ಉಳಿದದ್ದು ಅವಳು.

ಆ ದಿನವೇ ಮಧ್ಯಾಹ್ನ ಭಾವ ಹೊಸ ಕೊಳವೆ ಹಿಡಿದು ಬಂದರು. ಎರಡೂ ತುದಿಯ ಕವಾಟ ಬಿಗಿದ ಸ್ಫಟಿಕದ ಕೊಳವೆ, ಒಳಗೆ ಬೆರಳಗಲದ ಪುಡಿ. ಕೊಡುವಾಗ ಎರಡೂ ಕೈಯಲ್ಲಿ ಕೊಡುವುದು, ತೆಗೆದುಕೊಳ್ಳುವಾಗ ಎರಡೂ ಕೈಯಲ್ಲಿ ತೆಗೆದುಕೊಳ್ಳುವುದು ಅವರಿಬ್ಬರ ನಡುವೆ ತಾನಾಗಿ ಬೆಳೆದ ಪದ್ಧತಿ.

“ಕಾಯಿಸಿದ್ದೀರಾ ಭಾವ?” ಎಂದು ಎಂದಿನಂತೆ ಕೇಳಿದಳು.

“ನಿನ್ನೆಯಿಂದ ಆಕ್ಸಿಜನ್‌ನಲ್ಲಿ ಕಾಯಿಸಿದ್ದೀನಿ. ಇನ್ನೂ ಕಾಯಿಸಿದ್ರೆ ಸಾಹೇಬರು ಎದ್ದು ಹೋಗ್ತಾರೆ.”

ಅವಳು ಕೊಳವೆಯನ್ನು ಯಂತ್ರದೊಳಗೆ ಕೂರಿಸಿದಳು. ಇಬ್ಬರೂ ನಿಂತು ನೋಡಿದರು. ಗೆರೆ ಇಳಿಯಿತು, ಏರಿತು, ಮುಗಿಯಿತು. ಎಡಗಡೆಯ ತುದಿಯಲ್ಲಿ ಮೊದಲಿಗಿಂತ ತುಸು ದಪ್ಪವಾಗಿದ್ದ ಹಾಗಿತ್ತು, ಅಷ್ಟೇ. ಅದು ಅವರಿಗೆ ಬೇಕಾದ ಜಾಗವಲ್ಲ.

ಭಾವ ಬಾಗಿ ಯಂತ್ರದ ಒಳಗನ್ನು ಇಣುಕಿ ನೋಡಿದರು. ಆಮೇಲೆ ನಿನ್ನ ದೀಪದ ಕಣ್ಣಿಗೇ ಪೊರೆ ಬಂದಿದೆ ಎಂದರು. ತಮಾಷೆಯಾಗಿ ಶುರುವಾದ ಮಾತು ಕೊನೆ ಮುಟ್ಟುವ ಹೊತ್ತಿಗೆ ತಮಾಷೆಯಾಗಿ ಉಳಿದಿರಲಿಲ್ಲ. ದೀಪ ಹೊಸದು, ಬಿಲ್ಲೆ ಹೊಸದು, ಕಿಟಕಿ ತೊಳೆದದ್ದು, ನಿಮ್ಮ ಒಲೆಯನ್ನು ಯಾವಾಗ ನೋಡಿಸಿದ್ದೀರಿ ಎಂದು ಅವಳೂ ಬಿಡಲಿಲ್ಲ. ನನ್ನ ಒಲೆಗೆ ಏನಾಗಿದೆ, ಅವತ್ತು ಉಬ್ಬು ಕೊಟ್ಟ ಉರಿಯೇ ಇವತ್ತೂ ಉರಿಯುತ್ತಿದೆ ಎಂದು ಅವರು ಗದರಿದರು. ಪಕ್ಕದ ಕೋಣೆಯಲ್ಲಿ ಯಾರೋ ಮಾತು ನಿಲ್ಲಿಸಿದ್ದು ಗೋಡೆಯಾಚೆಯಿಂದ ಗೊತ್ತಾಯಿತು. ಭಾವ ಕೊಳವೆಯನ್ನು ಅಲ್ಲೇ ಬಿಟ್ಟು, ಬೀಸಾಡಬೇಕಾದರೆ ಬೀಸಾಡು ಎಂದು ಹೇಳಿ ಹೊರಟುಹೋದರು. ಇಷ್ಟು ವರ್ಷದಲ್ಲಿ ಅವರು ಕೊಳವೆಯನ್ನು ಹಿಂದಕ್ಕೆ ಒಯ್ಯದೆ ಹೋದದ್ದು ಅದೇ ಮೊದಲು.

ಅವಳು ವಾಸವಿದ್ದದ್ದು ಅಕ್ಕನ ಮನೆಯ ಮಾಳಿಗೆಯ ಕೋಣೆಯಲ್ಲಿ, ಊಟ ಕೆಳಗೆ ಎಲ್ಲರ ಜೊತೆ. ಆ ಸಂಜೆ ಭಾವ ತಲೆನೋವೆಂದು ಬೇಗ ಉಂಡು ಮಲಗಿದ್ದರು. ಅಡುಗೆಮನೆಯ ಮೇಜಿನ ಹತ್ತಿರ ಅಕ್ಕ ತಂಗಿ ಇಬ್ಬರೇ. ಅಕ್ಕ ಒಂದು ದವಡೆಯಲ್ಲಷ್ಟೇ ಅಗಿಯುತ್ತಿದ್ದಳು. ಹಳೆಯ ಹಲ್ಲು ಮತ್ತೆ ಕೆರಳಿತ್ತು. ಊಟಕ್ಕಿಂತ ಹೆಚ್ಚಾಗಿ ಅವಳು ತಂಗಿಯ ಮುಖ ನೋಡುತ್ತಿದ್ದಳು. ಇವರು ನಿದ್ದೆಯಲ್ಲಿ ಕೂಡ ಉಗ್ರಾಣ ಉಗ್ರಾಣ ಅಂತ ಕನವರಿಸುತ್ತಾರೆ, ನಿನ್ನ ಕೈಲಿ ಏನೂ ಆಗೋದಿಲ್ಲವೇನೇ ಎಂದು ಕೇಳಿದಳು. ಬೆಳಕಿಗೆ ನಾನು ಹೇಳಿಕೊಟ್ಟು ಮಾತಾಡಿಸೋಕೆ ಆಗಲ್ಲ ಅಕ್ಕ ಎಂದು ತಂಗಿ ಸಿಡುಕಿದಳು. ಅಕ್ಕ ಹಲ್ಲಿನ ಮಾತಿಗೆ ತಿರುಗಿದಳು. ನಾಳೆ ಮತ್ತೆ ಆ ದಂತವೈದ್ಯರ ಹತ್ತಿರ ಹೋಗಬೇಕು, ಆದರೆ ಅವರ ಬಾಗಿಲಲ್ಲಿ ಕೂರುವುದನ್ನು ನೆನೆಸಿಕೊಂಡರೆ ಹಲ್ಲುನೋವೇ ವಾಸಿ ಎನಿಸುತ್ತದೆ ಎಂದಳು.

“ಹೋದ ಸಲ ಎಷ್ಟು ಹೊತ್ತು ಕಾಯಿಸಿದ್ರು ಅಂತೀಯಾ. ನಿಮ್ಮ ಭಾವ ಪಕ್ಕದಲ್ಲಿ ಕೂತ್ಕೊಂಡು ನಿಂಗೆ ಫೋನ್ ಮಾಡ್ತಿದ್ರಲ್ಲ, ಸಾಹೇಬರಿಗೆ ಆಕ್ಸಿಜನ್ ಬಿಟ್ಟು ಕಾಯಿಸು, ನಾನು ಬರ್ತೀನಿ ಅಂತ. ನಾನಂದೆ, ಇಲ್ಲಿ ಡಾಕ್ಟ್ರು ನಮ್ಮನ್ನ ಕಾಯಿಸ್ತಿದ್ದಾರೆ, ಅಲ್ಲಿ ನೀವು ನಿಮ್ಮ ಸಾಹೇಬರನ್ನ ಕಾಯಿಸ್ತಿದ್ದೀರಿ, ಲೆಕ್ಕ ಸರಿಹೋಯ್ತು ಅಂತ. ಆ ನೋವಲ್ಲೂ ನಗು ಬಂತು ಕಣೇ.”

ಅಕ್ಕ ನಕ್ಕಳು, ಕೆನ್ನೆ ಹಿಡಿದುಕೊಂಡಳು. ತಂಗಿ ನಗಲಿಲ್ಲ. ಅವಳ ಕೈ ತಟ್ಟೆಯ ಮೇಲೆ ನಿಂತಿತ್ತು.

ಅಪ್ಪ ಇದ್ದಾಗ ಸಂಜೆ ಹೊತ್ತು ಗಟ್ಟಿಯಾಗಿ ಪದ್ಯ ಓದುತ್ತಿದ್ದರು. ಓದುತ್ತ ಓದುತ್ತ ಒಂದು ಪದದ ಮೇಲೆ ನಿಂತುಬಿಡುವರು. ಆ ಪದದೊಳಗಿರುವ ಎರಡನೆಯ ಅರ್ಥವನ್ನು ಮಕ್ಕಳು ಹುಡುಕಿ ಹೇಳುವ ತನಕ ಮುಂದಿನ ಸಾಲಿಲ್ಲ. ಅಕ್ಕನಿಗೆ ಅದು ಹಿಂಸೆ, ಅವಳಿಗೆ ಆಟ. ಒಂದು ಅರ್ಥದ ಕೆಳಗೆ ಇನ್ನೊಂದು ಅರ್ಥ ತಣ್ಣಗೆ ಕೂತಿರುವುದನ್ನು ಮೊದಲು ಕಿವಿಯಿಂದ ಮುಟ್ಟುವುದನ್ನು ಅವಳು ಅಲ್ಲಿ ಕಲಿತದ್ದು. ಅಂಥ ಕಿವಿ ಇಟ್ಟುಕೊಂಡು, ಈ ಪದವನ್ನು ದಿನವೂ ಬಾಯಲ್ಲಿ ಹಾಕಿಕೊಂಡು, ದಿನವೂ ಉಗುಳುತ್ತಿದ್ದಳು.

ಕಾಯಿಸು.

ಅಕ್ಕ ಹೇಳಿದ ಆ ದಿನ ಭಾವನ ಒಲೆಕೋಣೆಯ ಆಮ್ಲಜನಕದ ನಳಿಕೆ ಸೋರುತ್ತಿತ್ತು. ಹಾಗಾಗಿ ಅವರು ಪುಡಿಯನ್ನು ಹೀಲಿಯಂ ಅನಿಲ ಹರಿಸುತ್ತ ಚೆನ್ನಾಗಿ ಉರಿಯಲ್ಲಿ ಒಣಗಿಸಿ, ಕೊಳವೆಯನ್ನು ತಂದು ಅವಳ ಕೋಣೆಯ ನಳಿಕೆಗೆ ಜೋಡಿಸಿ, ಅಕ್ಕನನ್ನು ಕರೆದುಕೊಂಡು ಹಲ್ಲಿಗೆ ಹೋಗಿದ್ದರು. ಆಮೇಲೆ ಫೋನು. ಅವಳಿಗೆ ಕೇಳಿಸಿದ್ದು ಹಾಲು ಕಾಯಿಸುವ, ನೀರು ಕಾಯಿಸುವ ಕಾಯಿಸು. ಕೊಳವೆಯ ಸುತ್ತ ತನ್ನ ಸಣ್ಣ ಕುಲುಮೆಯನ್ನು ಮುಚ್ಚಿ, ಆಮ್ಲಜನಕ ಹರಿಸುತ್ತ, ನಿಧಾನವಾಗಿ ಬಿಸಿ ಏರಿಸಿದಳು. ಭಾವ ಬರುವ ಹೊತ್ತಿಗೆ ಕುಲುಮೆ ತೆಗೆದಾಗಿತ್ತು, ಕೊಳವೆ ತಣ್ಣಗಾಗಿತ್ತು. ಎಷ್ಟು ಹೊತ್ತು ಕಾಯಿಸಿದೆ ಎಂದು ಅವರು ಕೇಳಿದ್ದರು. ಊಟದ ಹೊತ್ತಿನಿಂದ ಎಂದು ಅವಳು ಹೇಳಿದ್ದಳು. ಇಬ್ಬರಿಗೂ ಉತ್ತರ ಸರಿಯಾಗಿತ್ತು. ಆ ಒಂದೇ ಒಂದು ಉಬ್ಬು ಬಂದದ್ದು ಅಂದೇ.

ಅವರು ಹೇಳಿದ್ದು ಅದಲ್ಲ. ಸಾಹೇಬರನ್ನು ಕಾಯಿಸು: ಆಮ್ಲಜನಕದಲ್ಲಿ ಸುಮ್ಮನೆ ಕೂರಿಸಿಡು, ನಾನು ಬರುವ ತನಕ ಕಾಯಲಿ. ಬಿಸಿಯೇ ಇಲ್ಲದೆ.

ಒಂದೇ ಉರಿ ಎನ್ನುವ ಮಾತು ಕೂಡ ಅವಳಿಗೆ ಈಗ ಬಿಡಿಸಿಕೊಂಡಿತು. ಒಣಗಿಸಲು ಕೊಡುವ ಬಿಸಿಯನ್ನು ಅವಳಂಥ ಅಳತೆಯವರು ಉರಿ ಎಂದು ಎಣಿಸುವುದೇ ಇಲ್ಲ. ಅವರಿಗೆ ಅದು ಸ್ನಾನ ಮಾಡಿಸಿ ಮೈ ಒರೆಸಿದ ಹಾಗೆ. ಹಾಗಾಗಿ ಆಮ್ಲಜನಕದಲ್ಲಿ ತಾನು ಕೊಟ್ಟ ಬಿಸಿಯೇ ಭಾವ ಹೇಳುವ ಆ ಒಂದು ಉರಿ ಎಂದುಕೊಂಡಿದ್ದಳು. ಒಲೆಯವರಾದ ಭಾವನಿಗೆ ಒಣಗಿಸಿದ್ದೇ ಉರಿ. ಆಮೇಲಿನದು ಬರೀ ತಾಳ್ಮೆ. ತಣ್ಣನೆಯ ಆಮ್ಲಜನಕ, ಸ್ವಲ್ಪ ಹೊತ್ತು ಕಾಯುವುದು, ಜೋಡಿ ತಾನಾಗಿ ಕೂರುತ್ತದೆ. ಯಾರೂ ಮಾಡದ್ದನ್ನು ಮಾಡಿದೆ ಎಂದು ಅವರು ನಂಬಿಕೊಂಡಿದ್ದು ಇದನ್ನು.

“ಏನೇ, ಹೀಗೆ ಕೂತುಬಿಟ್ಟೆ?” ಅಂದಳು ಅಕ್ಕ.

ಏನಿಲ್ಲ, ಹಲ್ಲಿನಲ್ಲಿ ಏನೋ ಸಿಕ್ಕಿಕೊಂಡಿತು ಎಂದು ತಂಗಿ ಸುಳ್ಳು ಹೇಳಿದಳು. ಮನೆತುಂಬ ಹಲ್ಲೇ ಆಯಿತಲ್ಲ ಎಂದು ಅಕ್ಕ ಗೊಣಗುತ್ತ ತಟ್ಟೆ ಎತ್ತಿದಳು.

ಮಾರನೆಯ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಹೋಗಿ ಕೋಣೆಯ ಬೀಗ ತೆಗೆದಳು. ಭಾವ ಬೀಸಾಡು ಎಂದು ಬಿಟ್ಟುಹೋದ ಕೊಳವೆ ಮೇಜಿನ ಮೇಲೆ ಹಾಗೇ ಇತ್ತು, ಕವಾಟ ಬಿಗಿದದ್ದು ಬಿಗಿದಂತೆ. ಅದೇ ಪುಡಿ, ಅದೇ ತಾಮ್ರ, ಒಂದು ದಿನವಿಡೀ ಆಮ್ಲಜನಕದಲ್ಲಿ ಕಾದು ಕಾದು ಕೂತದ್ದು. ದೀಪ ಹಚ್ಚುವ ಮೊದಲು ಕಣ್ಣು ಮುಚ್ಚಿದಳು. ಏನನ್ನು ಬೇಡಿಕೊಳ್ಳಬೇಕು ಎಂಬಲ್ಲೇ ಮನಸ್ಸು ಎಡವಿತು. ಉಬ್ಬು ಬಂದರೆ ಭಾವನ ಮಾತು ಬಿದ್ದುಹೋಗುತ್ತದೆ. ಬರದಿದ್ದರೆ ಮೊದಲಿನ ಕತ್ತಲೆಯೇ, ಆಗಲೂ ಭಾವ ಉಗ್ರಾಣಕ್ಕೇ. ಏನೂ ಕೇಳದೆ ಸಾಲನ್ನು ಮಾತ್ರ ಹೇಳಿ ಮುಗಿಸಿದಳು.

ಕುಲುಮೆ ಮುಚ್ಚಿದಳು. ಆಮ್ಲಜನಕ ಬಿಟ್ಟಳು. ಬಿಸಿ ಏರತೊಡಗಿತು.

ಈ ಕೆಲಸದಲ್ಲಿ ಕೈಗೆ ಮಾಡಲು ಏನೂ ಇರುವುದಿಲ್ಲ. ಕುಲುಮೆಯ ತಂತಿ ಸಣ್ಣಗೆ ಗುಯ್ ಎನ್ನುತ್ತಿತ್ತು. ಕಿಟಕಿಯಾಚೆ ಯಾರೋ ಸೈಕಲ್ಲಿನ ಚಕ್ರ ತಿರುಗಿಸಿ ಗಾಳಿ ಇಳಿದ ಕಡೆಯನ್ನು ಹುಡುಕುತ್ತಿದ್ದರು. ಅವಳು ಎದ್ದಳು, ಕೂತಳು, ಇದ್ದ ಒಂದೇ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. ಬಿಸಿ ಸಾಕೆನಿಸಿದಾಗ ಆರಿಸಿ, ಕುಲುಮೆಯನ್ನು ಸರಿಸಿ ನೋಡಿದರೆ ಪುಡಿ ನಿನ್ನೆಯ ಬಣ್ಣದಲ್ಲಿ ಇರಲಿಲ್ಲ. ಹಳೆಯ ಕಾಗದಕ್ಕೆ ಬರುವಂಥ ಒಂದು ಕಂದು ಛಾಯೆ ಅದರ ಮೈಮೇಲೆ ಬಂದಿತ್ತು. ಅಳೆಯುವ ಮೊದಲೇ ಅವಳಿಗೆ ಗೊತ್ತಾಯಿತು.

ಗೆರೆ ಎಡದಿಂದ ಹೊರಟಿತು. ನೇರಳೆ ದಾಟಿತು. ನೀಲಿಗೆ ಬರುವ ಮೊದಲು ನಿಧಾನವಾಗಿ ಎದ್ದು, ಬೆನ್ನು ಬಾಗಿಸಿ, ಇಳಿಯಿತು.

ಎಷ್ಟು ದಿನದಿಂದ ಹುಡುಕಿದ ಬೆನ್ನು ಅದು. ಅವಳ ಕಣ್ಣು ತುಂಬಿಬಂತು. ಕೈ ತನ್ನ ಪಾಡಿಗೆ ಕೆಲಸ ಮುಂದುವರಿಸಿತು. ಕೊಳವೆಯನ್ನು ಸ್ವಲ್ಪ ಬೆಚ್ಚಗೆ ಮಾಡಿ, ಮೀಥೇನಿನ ಕವಾಟವನ್ನು ಕೂದಲೆಳೆಯಷ್ಟು ತೆರೆದು, ಮತ್ತೆ ಅಳೆದಳು, ಮತ್ತೆ ಅಳೆದಳು. ಪ್ರತಿ ಗೆರೆಯಲ್ಲೂ ಉಬ್ಬು ತಗ್ಗುತ್ತ ಬಂತು. ಜೋಡಿಗಳು ತಮ್ಮ ನಡುವಿನ ಆಮ್ಲಜನಕವನ್ನು ಅನಿಲಕ್ಕೆ ಬಿಟ್ಟುಕೊಡುತ್ತಿದ್ದವು. ಸಂದೇಹಕ್ಕೆ ಎಡೆಯೇ ಉಳಿಯಲಿಲ್ಲ. ಎರಡು ಉರಿ. ಬೇರೆಡೆಯವರೆಲ್ಲ ಮೊದಲಿನಿಂದಲೂ ಕೊಡುತ್ತ ಬಂದ ಅದೇ ಎರಡು ಉರಿ.

ಭಾವ ಬಂದಾಗ ಮೊದಲ ಗೆರೆ ಇನ್ನೂ ಪರದೆಯ ಮೇಲಿತ್ತು. ಬಾಗಿಲಿನಿಂದಲೇ ಅದನ್ನು ಕಂಡು ನಿಂತರು. ಒಂದು ಕೈಯಿಂದ ಬಾಗಿಲ ಚೌಕಟ್ಟನ್ನು ಹಿಡಿದರು. ನಿನ್ನೆಯದೇ ಕೊಳವೆಯಾ ಎಂದು ಕೇಳಿದರು. ಹೌದು ಎಂದಳು. ಹತ್ತಿರ ಬಂದು, ಉಬ್ಬಿನ ಮೇಲೆ ಮುಟ್ಟಿಯೂ ಮುಟ್ಟದ ಹಾಗೆ ಬೆರಳು ಆಡಿಸಿ, ನೋಡು, ಇನ್ನೊಂದು ರಾತ್ರಿ ಬೇಕಾಗಿತ್ತು ಅಷ್ಟೇ, ನಾನು ಅವಸರ ಮಾಡಿದೆ, ಸಾಹೇಬರು ಅವಸರ ಮಾಡಲಿಲ್ಲ ಎಂದರು. ಅವರ ಮುಖದ ಗೆರೆಗಳೆಲ್ಲ ಬಿಚ್ಚಿಕೊಂಡಿದ್ದವು. ಮೇಷ್ಟ್ರನ್ನು ಕರೆಯುತ್ತೇನೆ ಎಂದು ತಿರುಗಿದರು.

ಅವರನ್ನು ಹಾಗೇ ಹೋಗಲು ಬಿಟ್ಟರೆ ಸಾಕಾಗಿತ್ತು. ಒಂದು ನಿಮಿಷ ಅವಳಿಗೆ ಅದೂ ಹೊಳೆಯಿತು.

“ಇದನ್ನ ನಾನು ಕಾಯಿಸಿದೆ ಭಾವ.”

“ನಾನೂ ಕಾಯಿಸಿದ್ದೆನಲ್ಲ.”

“ನೀವು ಕೂರಿಸಿ ಕಾಯಿಸಿದ್ರಿ. ನಾನು ಉರಿ ಕೊಟ್ಟು ಕಾಯಿಸಿದೆ. ಅಕ್ಕನ ಹಲ್ಲಿಗೆ ಹೋಗಿದ್ರಲ್ಲ, ಅವತ್ತೂ ಅಷ್ಟೇ.”

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ನಗು ಬಂತು, ಅದು ಅರ್ಧದಲ್ಲೇ ನಿಂತಿತು.

“ಸಾಹೇಬರನ್ನ ಕಾಯಿಸು ಅಂದ್ರೆ ಯಾರಾದ್ರೂ ಸಾಹೇಬರ ಕೆಳಗೆ ಬೆಂಕಿ ಹಾಕ್ತಾರೇನಮ್ಮಾ?”

“ಪುಡಿ ಕಾಯಿಸು ಅಂದಿದ್ರೆ ಹೇಗೆ ಅಂತ ಕೇಳ್ತಿದ್ದೆ. ನಾನೇನು ಮಾಡ್ಲಿ, ನಿಮ್ಮ ಸಾಹೇಬರು ಕುಲುಮೆಗೆ ಹೋಗೋ ಸಾಹೇಬರು.”

ಹಾಗೆ ಅಂದರೂ ಅವಳಿಗೆ ತನ್ನ ಮಾತು ಸರಿಯಿಲ್ಲ ಎನಿಸಿತು. ಪುಡಿ ಕಾಯಿಸು ಎಂದಿದ್ದರೂ ಅವಳು ಬಿಸಿ ಮಾಡುತ್ತಲೇ ಇದ್ದಳು. ಅದನ್ನೂ ಬಾಯಿಬಿಟ್ಟು ಹೇಳಿದಳು. ಭಾವ ಕುರ್ಚಿ ಎಳೆದು ಕೂತರು. ಉಳಿದ ಗೆರೆಗಳನ್ನು ತೋರಿಸು ಎಂದರು. ಅವಳು ಉಬ್ಬು ತಗ್ಗಿದ ಗೆರೆಗಳನ್ನು ಒಂದರ ಮೇಲೊಂದು ಹರಡಿದಳು. ಅವರು ಒಂದನ್ನೂ ಬಿಡದೆ ನೋಡಿದರು. ಕೆಲಸ ಬಲ್ಲ ಕಣ್ಣು. ಅದಕ್ಕೆ ಸುಳ್ಳು ಹೇಳಿಕೊಳ್ಳಲು ಬರುವುದಿಲ್ಲ. ಇಷ್ಟು ದಿನ ನೀನು ಸೋಪು ಹಚ್ಚಿ ಗುಳ್ಳೆ ಹುಡುಕಿದ್ದು, ನಾನು ನಿನ್ನ ದೀಪವನ್ನು ಬೈದದ್ದು, ಎಲ್ಲ ಒಂದು ಪದಕ್ಕೆ ಎಂದರು. ದನಿಯಲ್ಲಿ ಸಿಟ್ಟಿತ್ತು. ಯಾರ ಮೇಲೆ ಎಂದು ಅವರಿಗೂ ತಿಳಿದಂತಿರಲಿಲ್ಲ.

ಅವಳು ತನಗೆ ತೋಚಿದ್ದನ್ನೆಲ್ಲ ಹೇಳಿದಳು. ತಪ್ಪು ಕೇಳಿಸಿಕೊಂಡದ್ದು ತಾನು ಎಂದು ಮೇಷ್ಟ್ರಿಗೆ ತಾನೇ ಹೇಳುತ್ತೇನೆ ಎಂದಳು. ತಣ್ಣಗೆ ಕಾದ ಪುಡಿಯ ಗೆರೆಯಲ್ಲಿ ಎಡಗಡೆ ತುಸು ದಪ್ಪವಾಗಿತ್ತಲ್ಲ, ಅದು ಜೋಡಿ ಕೂರುವ ಮೊದಲಿನ ಇನ್ನೊಂದು ಸ್ಥಿತಿ ಇರಬಹುದು, ಅದನ್ನು ಬೆನ್ನುಹತ್ತಿದರೆ ಅದರಲ್ಲೇ ಒಂದು ಕೆಲಸವಿದೆ ಎಂದಳು. ಅದಕ್ಕೆಷ್ಟು ಕಾಲ ಬೇಕು ಎಂದು ಭಾವ ಕೇಳಿದರು. ಗೊತ್ತಿಲ್ಲ ಎಂದಳು.

“ತಜ್ಞರು ಬರೋದು ನಾಳೆ,” ಅಂದರು. “ಗೊತ್ತಿಲ್ಲ ಅನ್ನೋದನ್ನ ಯಾರೂ ಒಲೆ ಹಚ್ಚಿ ಇಟ್ಕೊಳ್ಳಲ್ಲ.”

ಅವರು ಎದ್ದು ಬಾಗಿಲನ್ನು ಮುಂದೆ ಮಾಡಿ ಬಂದರು. ಕೂತ ಮೇಲೆ ಬಹಳ ಹೊತ್ತು ಅಂಗೈಯ ಹಳೆಯ ಸುಟ್ಟ ಕಲೆಯನ್ನು ಹೆಬ್ಬೆರಳಿನಿಂದ ತಿಕ್ಕುತ್ತಿದ್ದರು. ಆಮೇಲೆ ಮೆತ್ತಗೆ, ಅಕ್ಕನ ಹತ್ತಿರ ಮಾತಾಡುವ ದನಿಯಲ್ಲಿ ಮಾತು ತೆಗೆದರು. ಎರಡು ಉರಿಯ ಪುಡಿಯನ್ನು ಯಾರು ಬೇಕಾದರೂ ಮಾಡುತ್ತಾರೆ, ತನ್ನದರಲ್ಲಿ ಇದ್ದದ್ದು ಆ ಸುಮ್ಮನೆ ಕಾಯುವುದೊಂದೇ. ತಾನು ಸುಳ್ಳು ಬರೆ ಎನ್ನುವುದಿಲ್ಲ. ತಣ್ಣಗೆ ಇಟ್ಟೆವು ಎಂದು ಬರೆಯುವುದೂ ಬೇಡ. ಗೆರೆ ನಿಜದ್ದು, ಪುಡಿ ನಿಜದ್ದು, ಅಳೆದವಳು ನೀನು.

“ಕೆಳಗೆ ಒಂದು ಸಾಲು ಬರಿ ಸಾಕು. ಹೀಲಿಯಂನಲ್ಲಿ ಉರಿ ಕೊಟ್ಟು, ನಂತರ ಆಮ್ಲಜನಕದಲ್ಲಿ ಕಾಯಿಸಿ ಅಳೆಯಲಾಯಿತು. ಅಷ್ಟೇ. ಅದರಲ್ಲಿ ಒಂದಕ್ಷರ ಸುಳ್ಳಿದೆಯಾ ನೀನೇ ಹೇಳು.”

ಇರಲಿಲ್ಲ. ಅವಳು ಸಾಲನ್ನು ಮನಸ್ಸಿನಲ್ಲೇ ಓದಿಕೊಂಡಳು. ನಾಳೆ ಬರುವವರು ಅದನ್ನು ಓದುತ್ತಾರೆ. ಮೊದಲಿನ ಕಡೆ ಉರಿ ಎಂದಿದೆ, ಎರಡನೆಯ ಕಡೆ ಉರಿ ಎಂದಿಲ್ಲ, ಹಾಗಾದರೆ ಇದು ತಣ್ಣಗೆ ಕಾಯುವುದೇ ಇರಬೇಕು ಎಂದು ತಾವೇ ತೀರ್ಮಾನ ಮಾಡುತ್ತಾರೆ. ಮೇಷ್ಟ್ರು ಆಚೆ ಈಚೆ ನೋಡದೆ ತಲೆಯಾಡಿಸುತ್ತಾರೆ. ಭಾವನ ಒಲೆ ಉಳಿಯುತ್ತದೆ. ಎಲ್ಲೋ ಒಂದು ಕಡೆ, ಇವಳ ಹಾಗೇ ಒಂದು ಕೋಣೆಯಲ್ಲಿ ಕೂತ ಯಾರೋ ಆ ಸಾಲನ್ನು ನಂಬಿ, ಪುಡಿಯನ್ನು ತಣ್ಣಗೆ ಕೂರಿಸಿ, ಅಳೆದು, ಉಬ್ಬು ಕಾಣದೆ, ದೀಪ ಬದಲಾಯಿಸಿ, ನಳಿಕೆಗೆ ಸೋಪು ಹಚ್ಚಿ, ಮೊಣಕಾಲೂರುತ್ತಾರೆ.

“ನಿಮ್ಮಕ್ಕ ಬೆಳಿಗ್ಗೆ ಏನಂದ್ಲು ಗೊತ್ತಾ?” ಅಂದರು ಭಾವ. “ಅವಳಿದ್ದಾಳಲ್ಲ, ಬಿಟ್ಟುಕೊಡಲ್ಲ ಅಂದ್ಲು. ಬೇರೆ ಯಾರ ಹತ್ರ ಕೇಳ್ಲಿ ನಾನು? ಒಂದು ಪದ ಕಣಮ್ಮಾ. ಓದೋರು ಹೇಗೆ ಓದ್ಕೊಂಡ್ರೂ ನಾವು ಹೊಣೆ ಅಲ್ಲ. ಆ ಸಾಲು ಬರೆದು ಕೆಳಗೆ ಸಹಿ ಹಾಕ್ಕೊಡು.”

ಅವರು ಜೇಬಿನಿಂದ ತಮ್ಮ ಪೆನ್ನು ತೆಗೆದು, ಎರಡೂ ಕೈಯಲ್ಲಿ ಅವಳತ್ತ ಚಾಚಿದರು.

ಅವಳು ಕೈ ಮುಂದೆ ಮಾಡಲಿಲ್ಲ.

“ಬರೆಯಲ್ಲ ಭಾವ. ಉರಿ ಅಂತ ಬರೆಯೋದಾದ್ರೆ ಬರೀತೀನಿ. ಇದನ್ನ ಬರೆಯಲ್ಲ, ಸಹಿಯೂ ಹಾಕಲ್ಲ.”